ಬೇರೆಯವ್ರಿಗೆ ಹೇಳ್ಕೊಡ್ತಾ ಕಲಿಯೋದು: ಎಲ್ಲಿ ತಡವರಿಸ್ತೀರೋ ಅಲ್ಲಿಂದ ಶುರು

ಒಂದು ಹಾಳೆ ತಗೊಂಡು ಸೈಕಲ್ ಚಿತ್ರ ಬಿಡಿಸಿ ನೋಡಿ. ಚಿತ್ರ ಚೆನ್ನಾಗಿರೋದು ಬೇಡ, ಎರಡು ಚಕ್ರ, ಪೆಡಲ್, ಚೈನು, ಫ್ರೇಮು ಯಾವುದು ಯಾವುದಕ್ಕೆ ಕೂಡಿಕೊಂಡಿದೆ ಅನ್ನೋದು ಸರಿಯಾಗಿದ್ರೆ ಸಾಕು. ಚಿಕ್ಕಂದಿನಿಂದ ನೋಡಿರೋ ವಸ್ತು, ಆದ್ರೂ ತುಂಬಾ ಜನ ಇಲ್ಲಿ ಸಿಕ್ಕಿ ಬೀಳ್ತಾರೆ. ಇಂಗ್ಲೆಂಡಿನ ಲಿವರ್‌ಪೂಲ್ ಯೂನಿವರ್ಸಿಟಿಯ ರೆಬೆಕ್ಕಾ ಲಾಸನ್ 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಕೆಲವ್ರು ಚೈನನ್ನ ಎರಡೂ ಚಕ್ರಕ್ಕೆ ಸುತ್ತಿದ್ರು, ಕೆಲವ್ರು ಫ್ರೇಮನ್ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನೇರವಾಗಿ ಬಿಗಿದುಬಿಟ್ರು, ಹಾಗೆ ಬಿಗಿದ್ರೆ ಹ್ಯಾಂಡಲ್ ತಿರುಗಿಸೋಕೇ ಆಗಲ್ಲ ಅನ್ನೋದು ಬಿಡಿಸೋವಾಗ ಅವ್ರಿಗೆ ಹೊಳೀಲೇ ಇಲ್ಲ.

ಅದಕ್ಕೂ ಮುಂಚೆ 2002ರಲ್ಲಿ ಅಮೆರಿಕಾದ ಯೇಲ್ ಯೂನಿವರ್ಸಿಟಿಯಲ್ಲಿ ರೋಜೆನ್‌ಬ್ಲಿಟ್ ಮತ್ತೆ ಕೈಲ್ ಅನ್ನೋರು ಜಿಪ್ಪು, ಬೀಗ, ಹೆಲಿಕಾಪ್ಟರ್ ಇಂಥವು ಹೇಗೆ ಕೆಲಸ ಮಾಡ್ತವೆ ಅನ್ನೋದು ನಿಮಗೆಷ್ಟು ಗೊತ್ತು, ಮಾರ್ಕ್ ಕೊಟ್ಕೊಳ್ಳಿ ಅಂತ ಜನಕ್ಕೆ ಕೇಳಿದ್ರು. ಜನ ಧಾರಾಳವಾಗೇ ಕೊಟ್ಕೊಂಡ್ರು. ಆಮೇಲೆ ಸರಿ, ಈಗ ಒಂದೊಂದೇ ಹೆಜ್ಜೆ ವಿವರಿಸಿ ಬರೀರಿ ಅಂದ್ರು. ಬರೆದಾದ ಮೇಲೆ ಮತ್ತೆ ಮಾರ್ಕ್ ಕೇಳಿದ್ರೆ ಅದೇ ಜನ ತಮ್ಮ ಮಾರ್ಕ್ ತಾವೇ ಇಳಿಸ್ಕೊಂಡ್ರು. ಯಾರೂ ಅವ್ರಿಗೆ ತಪ್ಪು ಅಂತ ಹೇಳಿರ್ಲಿಲ್ಲ, ವಿವರಿಸೋಕೆ ಹೋದಾಗ ಅವ್ರಿಗೇ ಗೊತ್ತಾಯ್ತು.

ಬೇರೆಯವ್ರಿಗೆ ಹೇಳಿಕೊಟ್ರೆ ನಮಗೇ ಚೆನ್ನಾಗಿ ಅರ್ಥ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಸರಿನೇ. ಆದ್ರೆ ಲಾಭ ಇರೋದು ಹೇಳೋದರಲ್ಲಿ ಅಲ್ಲ, ಹೇಳ್ತಾ ಹೇಳ್ತಾ ನಾಲಿಗೆ ತಡವರಿಸೋ ಆ ಜಾಗದಲ್ಲಿ. ನೀರು ಕುಡಿದಷ್ಟು ಸಲೀಸಾಗಿ ಪಾಠ ಒಪ್ಪಿಸಿಬಿಟ್ರೆ ಕೇಳಿದವ್ರಿಗೆ ಉಪಯೋಗ ಆಗಬಹುದು, ನಿಮಗೆ ಅಂಥದ್ದೇನೂ ಆಗಿರಲ್ಲ. ಹಾಗಾಗಿ ಇಲ್ಲಿ ಹೇಳ್ತಿರೋದು ಚೆನ್ನಾಗಿ ಭಾಷಣ ಮಾಡೋದು ಹೇಗೆ ಅಂತ ಅಲ್ಲ, ಬೇಕು ಬೇಕು ಅಂತಲೇ ಸಿಕ್ಕಿಹಾಕ್ಕೊಂಡು, ಆ ಗಂಟು ಬಿಡಿಸ್ಕೊಳ್ಳೋದು ಹೇಗೆ ಅಂತ.

ಮೊದಲು ಒಂದು ಸುಳ್ಳನ್ನ ಪಕ್ಕಕ್ಕಿಡೋಣ

ಓದಿದ್ದು 10% ನೆನಪಿರುತ್ತೆ, ಕೇಳಿದ್ದು 20%, ಹೇಳಿಕೊಟ್ಟಿದ್ದು 90% ಅಂತ ಒಂದು ತ್ರಿಕೋನದ ಚಿತ್ರ ವರ್ಷಾನುಗಟ್ಟಲೆಯಿಂದ ಫಾರ್ವರ್ಡ್ ಆಗ್ತಾ ಇದೆಯಲ್ಲ, ಆ ಪರ್ಸೆಂಟೇಜುಗಳ ಹಿಂದೆ ಯಾವ ಸಂಶೋಧನೆನೂ ಇಲ್ಲ. ಅಷ್ಟು ರೌಂಡಾಗಿ ಬಂದಾಗಲೇ ಅನುಮಾನ ಬರಬೇಕಿತ್ತು. ಅದನ್ನ ನಂಬ್ಕೊಂಡು ನಾನು ಒಂದ್ಸಲ ಹೇಳಿಕೊಟ್ಟೆ, ಇನ್ನು ಮರೆಯಲ್ಲ ಅಂತ ಕೂತ್ರೆ ಒಂದು ವಾರದಲ್ಲಿ ಎಲ್ಲ ಹೋಗಿರುತ್ತೆ.

ನಿಜವಾದ ಸಾಕ್ಷಿ ಇಷ್ಟು ಥಳಥಳ ಅನ್ನಲ್ಲ, ಆದ್ರೆ ಗಟ್ಟಿ ಇದೆ. 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕೆ ಒಂದಷ್ಟು ವಿದ್ಯಾರ್ಥಿಗಳಿಗೆ ಒಂದು ಪಾಠ ಮತ್ತೆ ಮತ್ತೆ ಓದೋಕೆ ಹೇಳಿದ್ರು, ಇನ್ನಷ್ಟು ಜನಕ್ಕೆ ಓದಿ ಮುಚ್ಚಿಟ್ಟು ನೆನಪಿಂದ ಬರೆಯೋಕೆ ಹೇಳಿದ್ರು. 5 ನಿಮಿಷ ಆದ ಮೇಲೆ ಕೇಳಿದ್ರೆ ಮತ್ತೆ ಮತ್ತೆ ಓದಿದವ್ರೇ ಮುಂದೆ. ಒಂದು ವಾರ ಬಿಟ್ಟು ಕೇಳಿದ್ರೆ ಉಲ್ಟಾ, ನೆನಪಿಂದ ಬರೆದವ್ರು ಮುಂದೆ. ಮಜಾ ಏನಂದ್ರೆ ನಮಗೆ ಚೆನ್ನಾಗಿ ನೆನಪಿರುತ್ತೆ ಅಂತ ಹೆಚ್ಚು ಭರವಸೆ ಇದ್ದದ್ದು ಮತ್ತೆ ಮತ್ತೆ ಓದಿದವ್ರಿಗೆ. ಎಕ್ಸಾಮ್ ಹಿಂದಿನ ರಾತ್ರಿ ಎಲ್ಲ ಬರುತ್ತೆ ಅನ್ಸೋದು ಯಾಕೆ ಅಂತ ಈಗ ಅರ್ಥ ಆಯ್ತಲ್ಲ.

ಹೇಳಿಕೊಡೋದರ ಬಗ್ಗೆನೇ 2018ರಲ್ಲಿ ಕೋಹ್ ಅನ್ನೋರು ಮತ್ತೆ ಅವರ ಜೊತೆಯವ್ರು ಮಾಡಿದ ಪ್ರಯೋಗ ಇದೆ. ನೋಟ್ಸ್ ನೋಡದೆ ಹೇಳಿಕೊಟ್ಟವ್ರಿಗೆ ಒಂದು ವಾರ ಬಿಟ್ಟು ಮಾಡಿದ ಟೆಸ್ಟಲ್ಲಿ ಲಾಭ ಕಾಣ್ತು, ಬರೆದಿಟ್ಟ ಸ್ಕ್ರಿಪ್ಟ್ ಇಟ್ಕೊಂಡು ಹೇಳಿದವ್ರಿಗೆ ಆ ಲಾಭ ಕಾಣ್ಲಿಲ್ಲ. ಅಂದ್ರೆ ಸ್ಲೈಡ್ ನೋಡ್ಕೊಂಡು ಓದೋದು, ಪುಸ್ತಕ ಕೈಲಿ ಹಿಡ್ಕೊಂಡು ಪಾಠ ಹೇಳೋದು, ಇವನ್ನ ಹೇಳ್ಕೊಟ್ಟು ಕಲಿಯೋದು ಅಂತ ಲೆಕ್ಕಕ್ಕೆ ಹಿಡಿಯೋದು ಬೇಡ. ಮುಂದೆ ಹೇಳೋ ಎಲ್ಲದಕ್ಕೂ ಇದೇ ಆಧಾರ, ಪುಸ್ತಕ ಮುಚ್ಚಿರಬೇಕು.

ಟಾಪಿಕ್ ಅಲ್ಲ, ಪ್ರಶ್ನೆ ಹಿಡೀರಿ

ಖಗೋಳಶಾಸ್ತ್ರ ವಿವರಿಸ್ತೀನಿ, ಅರ್ಥಶಾಸ್ತ್ರ ವಿವರಿಸ್ತೀನಿ ಅಂತ ಹೊರಟ್ರೆ ಹತ್ತು ನಿಮಿಷದಲ್ಲಿ ಎಲ್ಲೆಲ್ಲೋ ಅಲೆದಾಡಿ ಮುಗಿಯುತ್ತೆ. ಒಂದು ಪ್ರಶ್ನೆ ಮಾಡ್ಕೊಳ್ಳಿ, ಯಾಕೆ ಅಥವಾ ಹೇಗೆ ಅಂತ ಇರ್ಬೇಕು. ಬೇಸಿಗೆ ಚಳಿಗಾಲ ಯಾಕೆ ಬರುತ್ತೆ, ಭಿನ್ನರಾಶಿ ಭಾಗಿಸೋವಾಗ ಯಾಕೆ ತಲೆಕೆಳಗೆ ಮಾಡ್ತೀವಿ, ಬಡ್ಡಿ ದರ ಏರಿಸಿದ್ರೆ ಬೆಲೆ ಏರಿಕೆ ಯಾಕೆ ನಿಧಾನ ಆಗ್ಬೇಕು. ಏನು ಅನ್ನೋ ಪ್ರಶ್ನೆಗೆ ಬಾಯಿಪಾಠದ ವ್ಯಾಖ್ಯೆ ಹೇಳಿ ತಪ್ಪಿಸ್ಕೋಬಹುದು, ಯಾಕೆ ಅಂದ್ರೆ ತಪ್ಪಿಸ್ಕೊಳ್ಳೋಕೆ ಜಾಗ ಕಮ್ಮಿ.

ಆಮೇಲೆ ಓದೋವಾಗಲೇ ಇದನ್ನ ನಾಳೆ ಒಬ್ಬರಿಗೆ ಹೇಳ್ಬೇಕು ಅಂತ ಇಟ್ಕೊಂಡು ಓದಿ. ಇದು ಸುಮ್ನೆ ಹೇಳೋ ಮಾತಲ್ಲ. 2014ರ ಒಂದು ಅಧ್ಯಯನದಲ್ಲಿ ಅರ್ಧ ಜನಕ್ಕೆ ಟೆಸ್ಟ್ ಇದೆ ಅಂದ್ರು, ಇನ್ನರ್ಧ ಜನಕ್ಕೆ ನೀವು ಇದನ್ನ ಬೇರೆಯವ್ರಿಗೆ ಹೇಳಿಕೊಡ್ಬೇಕು ಅಂದ್ರು, ಕೊನೆಗೆ ಯಾರ ಹತ್ರಾನೂ ಪಾಠ ಮಾಡಿಸ್ಲೇ ಇಲ್ಲ, ಎಲ್ಲರಿಗೂ ಟೆಸ್ಟೇ ಕೊಟ್ರು. ಹೇಳಿಕೊಡ್ಬೇಕು ಅಂದ್ಕೊಂಡು ಓದಿದವ್ರು ಹೆಚ್ಚು ನೆನಪಿಟ್ಕೊಂಡಿದ್ರು, ಅದೂ ಜೋಡಿಸಿ ಇಟ್ಕೊಂಡಿದ್ರು. ಹೇಳ್ಬೇಕು ಅಂದಾಗ ತಲೆ ತಾನಾಗೇ ಮುಖ್ಯ ಯಾವುದು, ಮೊದಲು ಯಾವುದು ಅಂತ ಹುಡುಕೋಕೆ ಶುರು ಮಾಡುತ್ತೆ. ಆದ್ರೆ ತಯಾರಿ ಅಷ್ಟಕ್ಕೇ ನಿಲ್ಲಿಸ್ಬೇಡಿ. ಫಿಯೊರೆಲ್ಲಾ ಮತ್ತೆ ಮೇಯರ್ 2013ರಲ್ಲಿ ತೋರಿಸಿದ್ದು, ವಾರ ಕಳೆದ ಮೇಲೂ ಉಳಿಯೋ ಲಾಭ ಬೇಕಂದ್ರೆ ತಯಾರಾಗಿ ಸುಮ್ಮನಾದ್ರೆ ಸಾಲಲ್ಲ, ನಿಜವಾಗ್ಲೂ ಬಾಯಿ ಬಿಟ್ಟು ವಿವರಿಸ್ಬೇಕು.

ಒಂದು ಉದಾಹರಣೆ ಪೂರ್ತಿ ನೋಡೋಣ

ಬೇಸಿಗೆ, ಚಳಿಗಾಲ ಯಾಕೆ ಬರುತ್ತೆ ಅನ್ನೋದನ್ನೇ ತಗೊಳ್ಳಿ. ಶಾಲೆಯಲ್ಲಿ ಎಲ್ಲರೂ ಓದಿರ್ತೀವಿ. ಪುಸ್ತಕ ಮುಚ್ಚಿ, ಎದುರಿಗೆ ಒಬ್ಬರನ್ನ ಕೂರಿಸ್ಕೊಂಡು ಶುರು ಮಾಡಿ.

ಮೊದಲು ಬಾಯಿಗೆ ಬರೋದು, ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ. ಕೇಳೋವ್ರು ಹಾಗಾದ್ರೆ ಉತ್ತರದ ದೇಶಗಳಲ್ಲಿ ಚಳಿ ಇರೋವಾಗ ಆಸ್ಟ್ರೇಲಿಯಾದಲ್ಲಿ ಬೇಸಿಗೆ ಹೇಗೆ, ಅವರೂ ಇದೇ ಭೂಮಿ ಮೇಲೆ ತಾನೇ ಇರೋದು ಅಂತ ಕೇಳಿದ್ರೆ ಅಲ್ಲಿಗೆ ಈ ಉತ್ತರ ಮುಗೀತು. ಲೆಕ್ಕ ನೋಡಿದ್ರೂ ಅಷ್ಟೇ, ಭೂಮಿ ಸೂರ್ಯನಿಗೆ ತೀರಾ ಹತ್ತಿರ, ಅಂದ್ರೆ ಸುಮಾರು 14.7 ಕೋಟಿ ಕಿಲೋಮೀಟರ್ ದೂರಕ್ಕೆ ಬರೋದು ಜನವರಿ ಮೊದಲ ವಾರದಲ್ಲಿ, ಉತ್ತರ ಗೋಳಾರ್ಧದಲ್ಲಿ ಗಡಗಡ ಚಳಿ ಇರೋ ಹೊತ್ತಲ್ಲಿ. ದೂರ ಹೋಗೋದು, ಸುಮಾರು 15.2 ಕೋಟಿ ಕಿಲೋಮೀಟರ್, ಜುಲೈ ಶುರುನಲ್ಲಿ.

ಸರಿ, ಎರಡನೇ ಉತ್ತರ: ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ, ಅದಕ್ಕೇ. ಈ ಉತ್ತರ ಕೊಟ್ಟು ಎಲ್ಲರೂ ಎದ್ದು ಹೋಗ್ತಾರೆ, ಎಕ್ಸಾಮಲ್ಲಿ ಮಾರ್ಕೂ ಸಿಗುತ್ತೆ. ಆದ್ರೆ ಎದುರಿಗಿರೋವ್ರು ವಾಲಿದ್ರೆ ಏನಾಯ್ತು, ಅದಕ್ಕೂ ಸೆಕೆಗೂ ಏನು ಸಂಬಂಧ ಅಂತ ಕೇಳ್ಲಿ. ಇಲ್ಲಿ ಬಹಳ ಜನ ಮತ್ತೆ ಹಳೇ ಗುಂಡಿಗೇ ಬೀಳ್ತಾರೆ, ವಾಲಿರೋದ್ರಿಂದ ಆ ಕಡೆ ಅರ್ಧ ಸೂರ್ಯನಿಗೆ ಹತ್ತಿರ ಆಗುತ್ತೆ ಅಂತಾರೆ. ಇಡೀ ಭೂಮಿಯ ಅಡ್ಡಳತೆನೇ 13 ಸಾವಿರ ಕಿಲೋಮೀಟರಿಗಿಂತ ಕಮ್ಮಿ, ಸೂರ್ಯ ಇರೋದು 15 ಕೋಟಿ ಕಿಲೋಮೀಟರ್ ಆಚೆ. ವಾಲೋದ್ರಿಂದ ಸಿಗೋ ಹತ್ತಿರ ಲೆಕ್ಕಕ್ಕೇ ಇಲ್ಲ.

ಈಗ ನಿಮ್ಮ ಹತ್ರ ಉತ್ತರ ಇಲ್ಲ ಅಂದ್ಕೊಳ್ಳಿ. ಇದೇ ನಾವು ಕಾಯ್ತಿದ್ದ ಜಾಗ. ಪುಸ್ತಕ ತೆಗೀಬೇಕಾಗಿರೋದು ಈಗ, ಅದೂ ಪೂರ್ತಿ ಅಧ್ಯಾಯ ಮತ್ತೆ ಓದೋಕಲ್ಲ, ವಾಲಿದ್ರೆ ಬಿಸಿ ಯಾಕೆ ಅನ್ನೋ ಒಂದೇ ಒಂದು ಪ್ರಶ್ನೆ ಹಿಡ್ಕೊಂಡು. ಎರಡು ಕಾರಣ ಸಿಗುತ್ತೆ. ಒಂದು, ಸೂರ್ಯನ ಕಡೆ ವಾಲಿರೋ ಭಾಗಕ್ಕೆ ಬಿಸಿಲು ಹೆಚ್ಚು ನೇರವಾಗಿ ಬೀಳುತ್ತೆ. ಟಾರ್ಚನ್ನ ಹಾಳೆ ಮೇಲೆ ನೆಟ್ಟಗೆ ಹಿಡಿದು ನೋಡಿ, ಚಿಕ್ಕ ಗುಂಡನೆ ಬೆಳಕು, ಓರೆ ಮಾಡಿದ್ರೆ ಅದೇ ಬೆಳಕು ಅಗಲಕ್ಕೆ ಹರಡ್ಕೊಂಡು ಮಂಕಾಗುತ್ತೆ. ಓರೆ ಬಿದ್ದ ಬಿಸಿಲಿನ ಕಥೆನೂ ಅದೇ, ಅದೇ ಶಾಖ ಹೆಚ್ಚು ಜಾಗಕ್ಕೆ ಹಂಚಿ ಹೋಗುತ್ತೆ. ಎರಡನೇದು, ಆ ಭಾಗದಲ್ಲಿ ಹಗಲು ಉದ್ದ, ಬಿಸಿಲು ಕಾಯೋ ಗಂಟೆಗಳೇ ಜಾಸ್ತಿ.

ಮುಗೀತಾ? ಇಲ್ಲ. ಆರು ತಿಂಗಳಾದ ಮೇಲೆ ಉಲ್ಟಾ ಯಾಕಾಗುತ್ತೆ, ಭೂಮಿ ಅಷ್ಟರಲ್ಲಿ ಆ ಕಡೆ ವಾಲಿಕೊಳ್ಳುತ್ತಾ ಅಂತ ಕೇಳಿದ್ರೆ? ಇಲ್ಲ, ಅಕ್ಷ ವರ್ಷ ಪೂರ್ತಿ ಹೆಚ್ಚೂಕಮ್ಮಿ ಒಂದೇ ದಿಕ್ಕಿಗೆ, ಧ್ರುವ ನಕ್ಷತ್ರದ ಕಡೆಗೇ ಇರುತ್ತೆ, ಭೂಮಿ ಸೂರ್ಯನ ಇನ್ನೊಂದು ಪಕ್ಕಕ್ಕೆ ಹೋಗಿರುತ್ತೆ ಅಷ್ಟೇ, ಹಾಗಾಗಿ ಮೊದಲು ಸೂರ್ಯನ ಕಡೆ ಮುಖ ಮಾಡಿದ್ದ ಭಾಗ ಈಗ ಆಚೆ ಮುಖ ಮಾಡಿದೆ. ಇದನ್ನ ಬಾಯಲ್ಲಿ ಹೇಳೋಕೆ ಹೋದ್ರೆ ನಿಮಗೇ ಗೊಂದಲ ಆಗುತ್ತೆ, ಮೇಜಿನ ಮೇಲೆ ದೀಪ ಇಟ್ಟು ಒಂದು ಚೆಂಡನ್ನ ಓರೆ ಹಿಡಿದು, ಓರೆ ಬದಲಾಯಿಸದೆ ದೀಪದ ಸುತ್ತ ಒಂದು ಸುತ್ತು ಬನ್ನಿ. ಕೈ ತಾನಾಗೇ ಚೆಂಡನ್ನ ತಿರುಗಿಸೋಕೆ ನೋಡುತ್ತೆ, ಅದನ್ನ ತಡೀಬೇಕು, ಆವಾಗ ವಿಷಯ ತಲೆಗೆ ಹತ್ತುತ್ತೆ.

ಇನ್ನೂ ಒಂದು ಮೆಟ್ಟಿಲು ಇದೆ. ಉತ್ತರ ಗೋಳಾರ್ಧದಲ್ಲಿ ಹಗಲು ಅತಿ ಉದ್ದ ಇರೋದು ಜೂನ್ 21ರ ಆಸುಪಾಸು, ಆದ್ರೆ ಬಹಳ ಕಡೆ ಅತಿ ಹೆಚ್ಚು ಸೆಕೆ ಬರೋದು ಅದಾಗಿ ಎಷ್ಟೋ ವಾರ ಆದ್ಮೇಲೆ, ಯಾಕೆ? ನೆಲ, ಅದಕ್ಕಿಂತ ಹೆಚ್ಚಾಗಿ ಸಮುದ್ರ, ಬಿಸಿ ಆಗೋಕೆ ಟೈಮ್ ತಗೊಳ್ಳುತ್ತೆ, ಬರೋ ಶಾಖ ಹೋಗೋ ಶಾಖಕ್ಕಿಂತ ಜಾಸ್ತಿ ಇರೋ ತನಕ ಬಿಸಿ ಏರ್ತಾನೇ ಇರುತ್ತೆ. ಇನ್ನು ಕೆಲವು ಕಡೆ ಮಳೆ ಬಂದು ಮೊದಲೇ ತಣ್ಣಗಾಗಿಬಿಡುತ್ತೆ, ಅದು ಬೇರೆ ಕಥೆ, ಅದಕ್ಕೆ ಇನ್ನೊಂದು ಪ್ರಶ್ನೆ.

ನೋಡಿ, ಒಂದು ಸಾಲಿನ ಉತ್ತರ, ಅಕ್ಷ ವಾಲಿದೆ ಅನ್ನೋದು, ಅದರ ಕೆಳಗೆ ಇಷ್ಟೆಲ್ಲಾ ಇತ್ತು. ಬರೀ ಓದ್ತಾ ಇದ್ದಿದ್ರೆ ಆ ಸಾಲಿನ ಮೇಲೆ ಕಣ್ಣು ಹಾಯಿಸಿ ಗೊತ್ತು ಗೊತ್ತು ಅಂತ ಮುಂದೆ ಹೋಗಿರ್ತಿದ್ರಿ.

ದೊಡ್ಡ ಪದಗಳ ಹಿಂದೆ ಬಚ್ಚಿಟ್ಕೋಬೇಡಿ

ತಡವರಿಸೋದನ್ನ ತಪ್ಪಿಸ್ಕೊಳ್ಳೋಕೆ ನಾವು ಮಾಡೋ ಮೊದಲ ಉಪಾಯ ಟೆಕ್ನಿಕಲ್ ಪದ ಎಸೆಯೋದು. ಗುರುತ್ವಾಕರ್ಷಣೆಯಿಂದ, ಹಣದುಬ್ಬರದಿಂದ, ರಿಕರ್ಷನ್‌ನಿಂದ, ಹಾರ್ಮೋನ್‌ನಿಂದ. ಕೇಳೋವ್ರೂ ತಲೆಯಾಡಿಸ್ತಾರೆ ಯಾಕಂದ್ರೆ ಅವ್ರಿಗೂ ಪದ ಪರಿಚಯ ಇದೆ. ಇಬ್ರೂ ಸೇರಿ ಅರ್ಥ ಆಯ್ತು ಅಂತ ನಾಟಕ ಆಡಿದ ಹಾಗೆ. ಮೊದಲ ಸಲ ವಿವರಿಸೋವಾಗ ಆ ವಿಷಯದ ಮುಖ್ಯ ಪದವನ್ನ ಬಾಯಿಗೆ ತರಲ್ಲ ಅಂತ ಪಣ ತೊಟ್ಟು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಹಾಗಂತ ಪದಗಳು ಕೆಟ್ಟವು ಅಂತಲ್ಲ, ಎಲ್ಲವನ್ನೂ ಸಿಂಪಲ್ ಮಾಡೋ ಹುಚ್ಚಲ್ಲಿ ತಪ್ಪು ಹೇಳೋವ್ರೂ ಇದ್ದಾರೆ. ಮೊದಲು ವಿಷಯ ಹೇಳಿ, ಕೊನೆಗೆ ಇದಕ್ಕೆ ಹೀಗಂತಾರೆ ಅಂತ ಪದ ಕೊಡಿ. ಕ್ರಮ ಅಷ್ಟೇ ಬದಲಾಗೋದು.

ಎರಡನೇ ಉಪಾಯ ರೂಲ್ಸ್ ಹೇಳೋದು. ಗಣಿತದಲ್ಲಿ ಇದು ಜಾಸ್ತಿ. ಭಿನ್ನರಾಶಿಯಿಂದ ಭಾಗಿಸ್ಬೇಕಂದ್ರೆ ತಲೆಕೆಳಗೆ ಮಾಡಿ ಗುಣಿಸು, ಯಾಕೆ ಅಂದ್ರೆ ರೂಲು. ಇದನ್ನ ಒಂದು ಮಗುಗೆ ನಿಜವಾಗ್ಲೂ ಹೇಳ್ಬೇಕು ಅಂದ್ಕೊಳ್ಳಿ. ಮುಕ್ಕಾಲು ಲೀಟರ್ ನೀರಿದೆ, ಕಾಲು ಲೀಟರ್ ಹಿಡಿಯೋ ಲೋಟ ಎಷ್ಟು ತುಂಬುತ್ತೆ? 3 ಅಂತ ಮಗು ಎಣಿಸಿ ಹೇಳುತ್ತೆ. ಅಂದ್ರೆ ಮುಕ್ಕಾಲು ಭಾಗಿಸು ಕಾಲು ಅಂದ್ರೆ 3. ಈಗ ಒಂದು ಲೀಟರಿಗೆ ಇಂಥ ಲೋಟ ಎಷ್ಟು? 4. ಹಾಗಾದ್ರೆ ಎಷ್ಟು ಲೀಟರ್ ಇದ್ರೂ ಅದನ್ನ 4ರಿಂದ ಗುಣಿಸಿದ್ರೆ ಲೋಟದ ಲೆಕ್ಕ ಸಿಕ್ತು, ಕಾಲಿಂದ ಭಾಗಿಸೋದೂ 4ರಿಂದ ಗುಣಿಸೋದೂ ಒಂದೇ ಆಯ್ತು. ಇಲ್ಲಿವರೆಗೂ ಸಲೀಸು. ಲೋಟ ಮೂರನೇ ಎರಡು ಲೀಟರಿಂದು ಆದ್ರೆ? ಒಂದು ಲೀಟರಿಗೆ ಒಂದೂವರೆ ಲೋಟ, ಅಂದ್ರೆ ಎರಡನೇ ಮೂರು, ಅದೇ ತಲೆಕೆಳಗಾದ ಸಂಖ್ಯೆ. ಪುಸ್ತಕದಲ್ಲಿರೋ ಉದಾಹರಣೆ ಬಿಟ್ಟು ಹೀಗೆ ನಿಮ್ಮದೇ ಒಂದು ಉದಾಹರಣೆ ಕಟ್ಟೋಕೆ ಆಗುತ್ತಾ ನೋಡಿ, ಆಗ್ಲಿಲ್ಲ ಅಂದ್ರೆ ನಿಮಗಿನ್ನೂ ಗೊತ್ತಿರೋದು ರೂಲು ಮಾತ್ರ.

ಕೇಳೋಕೆ ಯಾರು ಬೇಕು

ಆಸಕ್ತಿ ಇರೋರು, ನಾಚಿಕೆ ಇಲ್ದೆ ಅಡ್ಡ ಬಂದು ಕೇಳೋರು. ಸುಮ್ನೆ ಹೂಂಗುಟ್ಟೋ ಸಭ್ಯರು ಈ ಕೆಲಸಕ್ಕೆ ಆಗಿ ಬರಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳು ಬಹಳ ಒಳ್ಳೇವ್ರು, ಅವ್ರಿಗೆ ಇನ್ನೂ ಗೊತ್ತಿರೋ ಹಾಗೆ ನಟಿಸೋ ಅಭ್ಯಾಸ ಬಂದಿರಲ್ಲ. ಆಕಾಶ ನೀಲಿ ಯಾಕೆ ಅಂತ ನೀವು ಚಿಕ್ಕ ತರಂಗದ ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತೆ ಅಂತ ಹೇಳಿ ಮುಗಿಸೋ ಹೊತ್ತಿಗೆ, ನೇರಳೆ ಇನ್ನೂ ಚಿಕ್ಕದಲ್ವಾ ಹಾಗಾದ್ರೆ ಆಕಾಶ ನೇರಳೆ ಯಾಕಿಲ್ಲ ಅಂತ ಕೇಳೋದು ಅಂಥವರೇ. (ಸೂರ್ಯನ ಬೆಳಕಲ್ಲಿ ನೇರಳೆ ಕಮ್ಮಿ, ನಮ್ಮ ಕಣ್ಣಿಗೂ ನೇರಳೆ ಅಷ್ಟಾಗಿ ಹಿಡಿಯಲ್ಲ, ಅದಕ್ಕೆ.) ನಿಮ್ಮ ಜೊತೆ ಓದೋವ್ರು ಇನ್ನೊಂದು ಥರ ಉಪಯೋಗ, ನೀವು ತಪ್ಪು ಹೇಳಿದ್ರೆ ಹಿಡೀತಾರೆ, ಮಕ್ಕಳು ಹಿಡಿಯಲ್ಲ. ಹಾಗಾಗಿ ಒಬ್ಬರ ಹತ್ರ ಹೇಳಿ ನಿಲ್ಲಿಸ್ಬೇಡಿ, ಗೊತ್ತಿಲ್ದೇ ಇರೋವ್ರ ಹತ್ರ ಒಮ್ಮೆ, ಗೊತ್ತಿರೋವ್ರ ಹತ್ರ ಒಮ್ಮೆ.

ಶುರು ಮಾಡೋ ಮುಂಚೆ ಅವ್ರಿಗೆ ಒಂದು ಮಾತು ಹೇಳಿಡಿ: ನಾನು ಕಲೀತಾ ಇದೀನಿ, ಎಲ್ಲಿ ಅರ್ಥ ಆಗ್ಲಿಲ್ವೋ ಅಲ್ಲೇ ನಿಲ್ಸಿ, ಮುಲಾಜು ನೋಡ್ಬೇಡಿ. ಹಾಗೆ ಹೇಳದಿದ್ರೆ ಜನ ಮುಲಾಜಿಗೆ ಅರ್ಥ ಆಯ್ತು ಅಂತಾರೆ. ಮುಗಿದ ಮೇಲೂ ಅರ್ಥ ಆಯ್ತಾ ಅಂತ ಕೇಳೋದು ದಂಡ, ಆಯ್ತು ಅಂತಲೇ ಉತ್ತರ ಬರೋದು. ಅದರ ಬದಲು ಈಗ ನೀವು ನನಗೆ ಹೇಳಿ ನೋಡೋಣ ಅನ್ನಿ, ಅವ್ರು ತಿರುಗಿ ಹೇಳೋವಾಗ ಯಾವ ಕೊಂಡಿ ಬಿಟ್ಟುಹೋಗುತ್ತೋ ಅದು ಬಹುಪಾಲು ನೀವು ಹಾರಿಸಿದ ಕೊಂಡಿನೇ ಆಗಿರುತ್ತೆ.

ಹಾರಿಸೋದು ನಮಗೆ ಗೊತ್ತೇ ಆಗಲ್ಲ, ಅದೇ ತೊಂದ್ರೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದ್ರು, ಎಲ್ಲರಿಗೂ ಗೊತ್ತಿರೋ ಹಾಡುಗಳ ತಾಳವನ್ನ ಒಬ್ಬರು ಮೇಜಿನ ಮೇಲೆ ಬೆರಳಲ್ಲಿ ಕುಟ್ಟೋದು, ಇನ್ನೊಬ್ಬರು ಯಾವ ಹಾಡು ಅಂತ ಹೇಳೋದು. ಕೇಳೋವ್ರು ಅರ್ಧಕ್ಕರ್ಧ ಹಾಡು ಕಂಡುಹಿಡೀತಾರೆ ಅಂತ ಕುಟ್ಟೋವ್ರು ಅಂದ್ಕೊಂಡಿದ್ರು. 120 ಹಾಡಲ್ಲಿ ಸಿಕ್ಕಿದ್ದು 3. ಕುಟ್ಟೋವ್ರ ತಲೆಯಲ್ಲಿ ಇಡೀ ಹಾಡು ಓಡ್ತಾ ಇರುತ್ತೆ, ಎದುರಿಗಿರೋವ್ರಿಗೆ ಕೇಳಿಸೋದು ಬರೀ ಟಕ್ ಟಕ್. ನೀವು ಏನಾದ್ರೂ ವಿವರಿಸಿ, ಇಷ್ಟು ಸಿಂಪಲ್ ವಿಷಯ ಇವ್ರಿಗೆ ಯಾಕೆ ಹೊಳೀತಿಲ್ಲ ಅಂತ ಸಿಟ್ಟು ಬಂದಾಗ ಈ ಟಕ್ ಟಕ್ ನೆನಪು ಮಾಡ್ಕೊಳ್ಳಿ.

ಯಾರೂ ಸಿಗಲ್ಲ ಅಂದ್ರೆ? ಪ್ರೋಗ್ರಾಮರ್‌ಗಳು ಮೇಜಿನ ಮೇಲೆ ಒಂದು ರಬ್ಬರ್ ಬಾತುಕೋಳಿ ಇಟ್ಕೊಂಡು ಅದಕ್ಕೆ ಕೋಡನ್ನ ಸಾಲು ಸಾಲಾಗಿ ವಿವರಿಸ್ತಾರೆ, ಹೇಳ್ತಾ ಹೇಳ್ತಾ ಬಗ್, ಅಂದ್ರೆ ಕೋಡಿನ ತಪ್ಪು, ಎಲ್ಲಿದೆ ಅಂತ ತಾವೇ ಹಿಡೀತಾರೆ. ಹುಚ್ಚಾಟ ಅನ್ಸಬಹುದು, ಕೆಲಸ ಆಗುತ್ತೆ. ಫೋನ್‌ನಲ್ಲಿ ರೆಕಾರ್ಡ್ ಮಾಡೋದೂ ಒಳ್ಳೇದು, ಕೇಳಿಸ್ಕೊಂಡಾಗ ಅಂದ್ರೆ, ಅದು ಏನಪ್ಪಾ ಅಂದ್ರೆ, ಒಂಥರಾ ಅಂತ ಎಲ್ಲೆಲ್ಲಿ ಎಳೆದಿದ್ದೀರಿ ಅಂತ ಗೊತ್ತಾಗುತ್ತೆ, ಆ ಜಾಗಗಳನ್ನೇ ಬರೆದಿಟ್ಕೊಳ್ಳಿ. ಎಐ ಚಾಟ್‌ಬಾಟ್ ಇದ್ರೆ ಅದಕ್ಕೆ ವಿದ್ಯಾರ್ಥಿ ಪಾತ್ರ ಕೊಡಿ, ವಿವರಣೆ ಕೊಡ್ಬೇಡ ಪ್ರಶ್ನೆ ಮಾತ್ರ ಕೇಳು ಅನ್ನಿ. ಹಾಗೆ ಕಟ್ಟುನಿಟ್ಟಾಗಿ ಹೇಳದಿದ್ರೆ ಅದು ಮೊದಲ ಸಾಲಿಗೇ ಶಹಬ್ಬಾಸ್ ಅಂತ ಹೊಗಳಿ, ಉಳಿದ ಪಾಠ ತಾನೇ ಒಪ್ಪಿಸಿಬಿಡುತ್ತೆ, ನಿಮಗೆ ತಡವರಿಸೋಕೆ ಅವಕಾಶನೇ ಇರಲ್ಲ.

ಸಿಕ್ಕಿಹಾಕ್ಕೊಂಡ ಮೇಲೆ

ಇಲ್ಲಿ ಅವಸರ ಮಾಡ್ಬೇಡಿ. ಯಾಕೆ ಸಿಕ್ಕಿಹಾಕ್ಕೊಂಡ್ರಿ ಅನ್ನೋದು ಮುಖ್ಯ, ಎಲ್ಲಕ್ಕೂ ಒಂದೇ ಮದ್ದಲ್ಲ. ಗೊತ್ತಿತ್ತು ಮರೆತುಹೋಯ್ತು ಅಂದ್ರೆ ಸ್ವಲ್ಪ ಹೊತ್ತು ನೆನಪು ಮಾಡ್ಕೊಳ್ಳೋಕೆ ಒದ್ದಾಡಿ, ತಕ್ಷಣ ಪುಸ್ತಕ ತೆಗೆದ್ರೆ ಆ ಒದ್ದಾಟದ ಲಾಭ ಹೋಯ್ತು. ಯಾವತ್ತೂ ಅರ್ಥನೇ ಆಗಿರ್ಲಿಲ್ಲ ಅಂದ್ರೆ ಅದೇ ಪುಸ್ತಕ ಅದೇ ಪುಟ ಮತ್ತೆ ಓದೋದ್ರಿಂದ ಬಹಳ ಸಲ ಏನೂ ಆಗಲ್ಲ, ಬೇರೆ ಪುಸ್ತಕ, ಬೇರೆ ವಿಡಿಯೋ, ಬೇರೆ ಯಾರನ್ನಾದ್ರೂ ಕೇಳಿ, ಇನ್ನೊಂದು ಕಡೆಯಿಂದ ಬಂದಾಗ ಬಾಗಿಲು ತೆಗೆಯುತ್ತೆ. ಮೂರನೇ ಥರದ್ದು, ನೀವು ಯಾವತ್ತೂ ಯೋಚನೆನೇ ಮಾಡದ ಪ್ರಶ್ನೆ ಬಂದಿರುತ್ತೆ. ಇದೇ ಬಂಗಾರ. ಅದಕ್ಕೆ ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂತ ನೆಟ್ಟಗೆ ಹೇಳಿ, ಏನೋ ಒಂದು ತೇಲಿಸಿ ಹೇಳ್ಬೇಡಿ, ಯಾಕಂದ್ರೆ ತೇಲಿಸಿದ್ದನ್ನ ಕೇಳೋವ್ರು ನಂಬ್ತಾರೆ, ಅದಕ್ಕಿಂತ ಕೆಟ್ಟದ್ದು ಸ್ವಲ್ಪ ದಿನದಲ್ಲಿ ನೀವೂ ನಂಬ್ತೀರಿ.

ಇಂಥ ಪ್ರಶ್ನೆ ಹೊಸಬರಿಗೆ ಮಾತ್ರ ಬರೋದಲ್ಲ. ಡೆಡೆಕಿಂಡ್ ಅನ್ನೋ ಜರ್ಮನ್ ಗಣಿತಜ್ಞ 1858ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಲ್ಕುಲಸ್ ಪಾಠ ಮಾಡೋಕೆ ಹೋದಾಗ, ಎಲ್ಲರೂ ಬಳಸೋ ವಾಸ್ತವ ಸಂಖ್ಯೆಗಳಿಗೆ (ಪೂರ್ಣಾಂಕ, ಭಿನ್ನರಾಶಿ, 2ರ ವರ್ಗಮೂಲದಂಥವು ಎಲ್ಲ ಸೇರಿ) ಗಟ್ಟಿ ಬುನಾದಿನೇ ಇಲ್ಲ, ಚಿತ್ರ ತೋರಿಸಿ ದಾಟಿಸ್ತಾ ಇದೀವಿ ಅಂತ ಕಾಡೋಕೆ ಶುರುವಾಯ್ತು, ಆ ವರ್ಷ ನವೆಂಬರಲ್ಲಿ ದಾರಿ ಹೊಳೀತು, ಅಚ್ಚಾಗಿದ್ದು 1872ರಲ್ಲಿ. ಇವತ್ತು ಗಣಿತ ಓದೋವ್ರು ಡೆಡೆಕಿಂಡ್ ಕಟ್ ಅಂತ ಓದೋದು ಅದನ್ನೇ. ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್‌ ಕಥೆನೂ ಹತ್ತಿರತ್ತಿರ ಹೀಗೇ, ವಿದ್ಯಾರ್ಥಿಗಳಿಗೆ ಕೆಮಿಸ್ಟ್ರಿ ಪಠ್ಯಪುಸ್ತಕ ಬರೀತಾ, ಆಗ ಗೊತ್ತಿದ್ದ 60 ಚಿಲ್ಲರೆ ಧಾತುಗಳನ್ನ ಯಾವ ಕ್ರಮದಲ್ಲಿ ಹೇಳೋದು ಅಂತ ತಲೆ ಕೆಡಿಸ್ಕೊಂಡಾಗ 1869ರಲ್ಲಿ ಆವರ್ತಕ ಕೋಷ್ಟಕ ಬಂತು. ನಾವು ಹೇಳಿಕೊಟ್ರೆ ಕೋಷ್ಟಕ ಏನೂ ಹುಟ್ಟಲ್ಲ ಬಿಡಿ, ಆದ್ರೆ ಹೇಳೋ ಕ್ರಮ ಹುಡುಕೋವಾಗ ವಿಷಯದ ಒಳಗಿನ ಜೋಡಣೆ ಕಾಣಿಸುತ್ತೆ ಅನ್ನೋದು ನಮಗೂ ಅಷ್ಟೇ ನಿಜ.

(ಹೇಳಿಕೊಟ್ಟು ಕಲಿಯೋಕೆ ಫೈನ್‌ಮನ್ ಟೆಕ್ನಿಕ್ ಅಂತ ನಾಲ್ಕು ಹೆಜ್ಜೆ ಪಟ್ಟಿ ಓಡಾಡುತ್ತಲ್ಲ, ಭೌತಶಾಸ್ತ್ರಜ್ಞ ಫೈನ್‌ಮನ್ ಒಳ್ಳೇ ಮೇಷ್ಟ್ರು ಅನ್ನೋದು ನಿಜ, ಆದ್ರೆ ಆ ಹೆಸರು, ಆ ಪಟ್ಟಿ ಬೇರೆಯವ್ರು ಆಮೇಲೆ ಮಾಡಿದ್ದು. ಪಟ್ಟಿ ಕೆಟ್ಟದ್ದೇನಲ್ಲ.)

ತೂತು ಮುಚ್ಚಿಕೊಂಡ ಮೇಲೆ ಮತ್ತೆ ಮೊದಲಿಂದ ಹೇಳ್ಬೇಕು, ಆ ಒಂದು ತುಂಡು ಮಾತ್ರ ಅಲ್ಲ. ಹೊಸದಾಗಿ ಸೇರಿದ್ದು ಉಳಿದದ್ದರ ಜೊತೆ ಕೂತ್ಕೊಳ್ತಾ, ಇಲ್ವಾ ಅನ್ನೋದು ಪೂರ್ತಿ ಹೇಳಿದಾಗಲೇ ಗೊತ್ತಾಗೋದು. ಅದೇ ದಿನ ಬೇಡ, ಒಂದೆರಡು ದಿನ ಬಿಡಿ, ಆಮೇಲೆ ವಾರ ಬಿಟ್ಟು ಇನ್ನೊಮ್ಮೆ. ಅರ್ಧಂಬರ್ಧ ಮರೆತ ಮೇಲೆ ನೆನಪಿಂದ ಎಳೆದು ತೆಗೆಯೋದೇ ಗಟ್ಟಿ ಆಗೋದು.

ಇನ್ನು ಕೆಲವು ಬಿಡಿ ಮಾತು

ಬರೆಯೋದಾ, ಮಾತಾಡೋದಾ ಅಂತ ಕೇಳ್ತಾರೆ. ಶುರುವಿಗೆ ಮಾತೇ ವಾಸಿ, ಬರೆಯೋವಾಗ ಸಿಕ್ಕಿಹಾಕ್ಕೊಂಡ್ರೆ ಮೆಲ್ಲಗೆ ಪುಸ್ತಕ ನೋಡಿ ಸಾಲು ಎತ್ತಿಬಿಡ್ತೀವಿ, ಎದುರಿಗೆ ಮನುಷ್ಯ ಇದ್ರೆ ಆ ಕಳ್ಳಾಟ ನಡೆಯಲ್ಲ. ಎರಡು ಮೂರು ಸಲ ಹೇಳಿ ಆದ ಮೇಲೆ ಬರೀರಿ, ಆಗ ಬರವಣಿಗೆ ಬೇರೆ ಥರ ಉಪಯೋಗಕ್ಕೆ ಬರುತ್ತೆ, ಮಾತಲ್ಲಿ ಕೈ ಆಡಿಸಿ ದಾಟಿಸಿದ್ದನ್ನ ಬರವಣಿಗೆ ದಾಟಿಸೋಕೆ ಬಿಡಲ್ಲ.

ಎಲ್ಲ ವಿಷಯಕ್ಕೂ ಇದು ಸಾಕಾಗಲ್ಲ. ಈಜು, ಡ್ರೈವಿಂಗ್, ವಾದ್ಯ ನುಡಿಸೋದು ಇವನ್ನ ಎಷ್ಟು ವಿವರಿಸಿದ್ರೂ ಕೈಕಾಲಿಗೆ ಬರಲ್ಲ. ಹೊಸ ಭಾಷೆ ಕಲಿಯೋವ್ರು ವ್ಯಾಕರಣ ವಿವರಿಸೋದು ಕಲಿತು ಮಾತು ಬಾರದೆ ಉಳ್ಕೊಂಡಿದ್ದು ಬೇಕಾದಷ್ಟಿದೆ. ಗಣಿತ, ಪ್ರೋಗ್ರಾಮಿಂಗ್‌ನಲ್ಲಿ ವಿವರಣೆ ಅರ್ಧ ಕೆಲಸ, ಉಳಿದರ್ಧ ಲೆಕ್ಕ ಮಾಡೋದು, ಕೋಡ್ ಓಡಿಸೋದು. ಇತಿಹಾಸಕ್ಕೆ ಒಂದು ಉಪಾಯ ಇದೆ, ಯುದ್ಧ ಯಾಕೆ ಆಯ್ತು ಅಂತ ಕಾರಣ ಹೇಳಿದ ಮೇಲೆ, ಇದೇ ಕಾರಣ ಬೇರೆ ಕಡೆನೂ ಇತ್ತಲ್ಲ ಅಲ್ಲಿ ಯಾಕೆ ಆಗ್ಲಿಲ್ಲ ಅಂತ ನಿಮ್ಮನ್ನೇ ಕೇಳ್ಕೊಳ್ಳಿ, ಇಸವಿ ಉರು ಹೊಡೆದ ಜ್ಞಾನ ಅಲ್ಲೇ ನಿಂತುಬಿಡುತ್ತೆ. ಇನ್ನು ಫೋನ್ ನಂಬರ್, ಫಾರ್ಮುಲಾ, ಶಬ್ದಕೋಶ ಇಂಥವಕ್ಕೆ ವಿವರಣೆನೇ ಬೇಡ, ಉರು ಹೊಡೀರಿ, ತಪ್ಪೇನಿಲ್ಲ. ಎಲ್ಲ ಅಧ್ಯಾಯಕ್ಕೂ ಈ ಪದ್ಧತಿ ಹಚ್ಚೋಕೆ ಹೋದ್ರೆ ಸಿಲಬಸ್ ಮುಗಿಯಲ್ಲ, ಇದಕ್ಕೆ ಟೈಮ್ ಹಿಡಿಯುತ್ತೆ. ಯಾವುದರ ಮೇಲೆ ಉಳಿದದ್ದೆಲ್ಲ ನಿಂತಿದೆಯೋ ಆ ನಾಲ್ಕೈದು ವಿಷಯಕ್ಕೆ ಮಾತ್ರ ಇಟ್ಕೊಳ್ಳಿ.

ಮತ್ತೆ ದಯವಿಟ್ಟು ಸಿಕ್ಕ ಸಿಕ್ಕವ್ರನ್ನ ಹಿಡಿದು ಪಾಠ ಮಾಡ್ಬೇಡಿ. ಊಟಕ್ಕೆ ಕೂತವ್ರಿಗೆ ಕ್ವಾಂಟಮ್ ಹೇಳೋಕೆ ಶುರು ಮಾಡಿದ್ರೆ ಮುಂದಿನ ಸಲ ನಿಮ್ಮ ಪಕ್ಕದ ಕುರ್ಚಿ ಖಾಲಿ ಇರುತ್ತೆ. ಹತ್ತು ನಿಮಿಷ ಕೊಡ್ತೀರಾ ಅಂತ ಕೇಳಿ, ಹತ್ತು ನಿಮಿಷಕ್ಕೆ ನಿಲ್ಲಿಸಿ. ಇನ್ನೂ ಒಳ್ಳೇದು ಯಾರಾದ್ರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡೋದು, ಆಗ ಅವ್ರಿಗೂ ಬೇಕಾಗಿರುತ್ತೆ, ಪ್ರಶ್ನೆನೂ ನೀವು ಆರಿಸಿದ ಸುಲಭದ್ದಾಗಿರಲ್ಲ. ಆರೋಗ್ಯ, ಕಾನೂನು, ದುಡ್ಡಿನ ವಿಷಯ ಆದ್ರೆ ಕಲಿಯೋ ಹಂತದಲ್ಲಿ ಹೇಳಿದ್ದನ್ನ ಅವ್ರು ಹಾಗೇ ಪಾಲಿಸದ ಹಾಗೆ ನೋಡ್ಕೊಳ್ಳಿ. ತಪ್ಪು ಹೇಳಿದ್ದು ಆಮೇಲೆ ಗೊತ್ತಾದ್ರೆ ವಾಪಸ್ ಹೋಗಿ ತಿದ್ದಿ ಹೇಳಿ, ಸಂಕೋಚ ಆಗುತ್ತೆ, ಆದ್ರೆ ಆ ತಿದ್ದುಪಡಿ ಇಬ್ರಿಗೂ ಮರೆಯಲ್ಲ.

ಒಂದು ವಿಷಯ ಸಾಕು, ಮುಂದಕ್ಕೆ ಹೋಗಬಹುದು ಅಂತ ಯಾವಾಗ ಗೊತ್ತಾಗೋದು ಅಂದ್ರೆ, ಅದೇ ವಿಷಯವನ್ನ ಅರ್ಧ ನಿಮಿಷದಲ್ಲೂ, ಐದು ನಿಮಿಷದಲ್ಲೂ, ಅರ್ಧ ಗಂಟೆನೂ ಹೇಳೋಕೆ ಆಗ್ಬೇಕು. ಅರ್ಧ ನಿಮಿಷದ್ದೇ ಕಷ್ಟ, ಏನು ಬಿಡ್ಬೇಕು ಅಂತ ಗೊತ್ತಿರ್ಬೇಕಲ್ಲ. ಜೊತೆಗೆ ಕೇಳೋವ್ರು ಬಾಯಿ ತೆರೆಯೋ ಮುಂಚೆನೇ ಇವ್ರು ಈಗ ಇಂಥದ್ದು ಕೇಳ್ತಾರೆ ಅಂತ ನಿಮಗೆ ಅಂದಾಜು ಸಿಗೋಕೆ ಶುರುವಾದ್ರೆ, ಆ ಪ್ರಶ್ನೆಗೆ ಸದ್ಯಕ್ಕೆ ಬಿಡುವು ಕೊಟ್ಟು ಇನ್ನೊಂದು ಪ್ರಶ್ನೆ ತಗೊಳ್ಳಿ.